ಚರ್ಚೆ: ದಿ ಜಾಮ್‌ಗೆ ಮೋಟೌನ್ ನೇರವಾಗಿ ಬಂತೋ, ದಿ ಹೂ ಮೂಲಕ ಬಂತೋ?

ಆರುತಂತಿ
ಮಾಡ್ ರಿವೈವಲ್ (ಅರವತ್ತರ ದಶಕದ ಇಂಗ್ಲಿಷ್ ‘ಮಾಡ್’ ಹುಡುಗರ ಉಡುಪು, ಸಂಗೀತದ ಮರುಹುಟ್ಟು) ಅಂದ್ರೆ ದಿ ಜಾಮ್ ತಂಡದ ಹೆಸರು ಮೊದಲು ಬರುತ್ತೆ. ಇಂಗ್ಲೆಂಡಿನ ಸರ್ರೆ ಕೌಂಟಿಯ ವೋಕಿಂಗ್‌ನ ಮೂವರು: ಪಾಲ್ ವೆಲ್ಲರ್ ಗಿಟಾರ್, ಬ್ರೂಸ್ ಫಾಕ್ಸ್‌ಟನ್ ಬೇಸ್, ರಿಕ್ ಬಕ್ಲರ್ ಡ್ರಮ್ಸ್. ನನ್ನ ವಾದ ಇಷ್ಟೇ: 1982ರವರೆಗೆ ಇವರಿಗೆ ಸಿಕ್ಕ ಅಮೆರಿಕನ್ ಸೋಲ್ (ಅಲ್ಲಿನ ಕಪ್ಪುಜನರ ಸಂಗೀತ; ಮೋಟೌನ್ ಅದರ ದೊಡ್ಡ ರೆಕಾರ್ಡ್ ಕಂಪನಿ) ಎಲ್ಲಾ ಅರವತ್ತರ ದಶಕದ ಲಂಡನ್ ತಂಡ ದಿ ಹೂ ಜರಡಿಯಲ್ಲಿ ಸೋಸಿ ಬಂದದ್ದು. 1977ರ ಮೊದಲ ಸಿಂಗಲ್ ‘ಇನ್ ದಿ ಸಿಟಿ’ ಹೆಸರೇ ದಿ ಹೂ 1966ರ ಒಂದು ಬಿ ಸೈಡ್‌ನದು. ಮೊದಲ ಆಲ್ಬಮ್ಮಿನ ‘ಬ್ಯಾಟ್‌ಮನ್’ ಟ್ಯೂನ್ ದಿ ಹೂ ಅದೇ ವರ್ಷದ ಇಪಿಯಲ್ಲಿ ನುಡಿಸಿದ್ದು. ‘ಸೆಟ್ಟಿಂಗ್ ಸನ್ಸ್’ (1979) ಕೊನೆಯ ಹಾಡು ‘ಹೀಟ್ ವೇವ್’ ಮೋಟೌನ್ ತಂಡ ಮಾರ್ಥಾ ಅಂಡ್ ದಿ ವ್ಯಾಂಡೆಲ್ಲಾಸ್ ಅವರದು, 1963. ಆದರೆ ನಡುವೆ 1966ರಲ್ಲಿ ಅದನ್ನೂ ದಿ ಹೂ ಹಾಡಿ ಆಗಿತ್ತು.

ಹಳೇರೆಕಾರ್ಡು
ಸರ್, ನಿಮಗೆ ಬೇಕಾದ ಹಾಡುಗಳನ್ನಷ್ಟೇ ಆರಿಸಿಕೊಂಡ್ರಿ. ಎರಡನೇ ಆಲ್ಬಮ್‌ನಲ್ಲಿ ಸೋಲ್ ಗಾಯಕ ವಿಲ್ಸನ್ ಪಿಕೆಟ್‌ನ ‘ಇನ್ ದಿ ಮಿಡ್‌ನೈಟ್ ಅವರ್’ ಇದೆ. ಅದು ದಿ ಹೂ ಅವರ ಅರವತ್ತರ ದಶಕದ ಯಾವ ಆಲ್ಬಮ್‌ನಲ್ಲಿದೆ ಹೇಳಿ ನೋಡೋಣ. ‘ಹೀಟ್ ವೇವ್’ ವಿಷಯಕ್ಕೇ ಬನ್ನಿ: ಜಾಮ್ ಮಾಡಿದ್ದರಲ್ಲಿ ಪಿಯಾನೋ ಇದೆ, ಸ್ಯಾಕ್ಸೋಫೋನ್ ಇದೆ. ದಿ ಹೂ ಮಾಡಿದ್ದರಲ್ಲಿ ಸ್ಯಾಕ್ಸ್ ಎಲ್ಲಿದೆ? ಮೂಲ ರೆಕಾರ್ಡು ಕೇಳಿದವರೇ ಅದನ್ನು ಸೇರಿಸೋಕೆ ಸಾಧ್ಯ. ಪಿಯಾನೋ ನುಡಿಸಿದ್ದು ಇನ್ನೊಂದು ಮಾಡ್ ತಂಡ ಮರ್ಟನ್ ಪಾರ್ಕಾಸ್‌ನ ಮಿಕ್ ಟಾಲ್ಬಟ್. ಮುಂದೆ ವೆಲ್ಲರ್ ಜೊತೆ ಸ್ಟೈಲ್ ಕೌನ್ಸಿಲ್ ತಂಡ ಕಟ್ಟಿದ್ದೂ ಅವರೇ.

ರೇ ಡೇವಿಸ್ ತಂಡ ಕಿಂಕ್ಸ್ ಬಿಟ್ಟುಬಿಟ್ರಲ್ಲ! ಮೂರನೇ ಆಲ್ಬಮ್‌ಗೆ ವೆಲ್ಲರ್ ಕೊಟ್ಟ ಡೆಮೋಗಳನ್ನು ರೆಕಾರ್ಡ್ ಕಂಪನಿ ಪಾಲಿಡೋರ್‌ನ ಕ್ರಿಸ್ ಪ್ಯಾರಿ ಬೇಡ ಅಂದ ಮೇಲೆ, ರೇ ಡೇವಿಸ್ ಹಾಡುಗಳ ಕಡೆ ತಿರುಗಿದ್ದರಿಂದಲೇ ‘ಆಲ್ ಮಾಡ್ ಕಾನ್ಸ್’ (1978) ಆಗಿದ್ದು. ಬೀದಿ, ಕಚೇರಿ, ರೈಲಿನ ಜನ ಹಾಡಿನೊಳಗೆ ಬಂದದ್ದು ಅಲ್ಲಿಂದ. ಕಿಂಕ್ಸ್ ಹಾಡು ‘ಡೇವಿಡ್ ವಾಟ್ಸ್’ ಹಾಡಿದ್ದೇ ಸಾಕ್ಷಿ.

ಬಲಗೈ
ರೆಕಾರ್ಡಿನ ಪಟ್ಟಿ ಹಿಡಿದು ಜಗಳ ಆಡೋ ಬದಲು ಗಿಟಾರ್ ಹಿಡಿದು ನೋಡಿ. ಪ್ರಭಾವ ಇರೋದು ಬಲಗೈಲಿ.

ವೆಲ್ಲರ್ ಸದ್ದಿಗೆ ರಿಕನ್‌ಬ್ಯಾಕರ್ 330 ಗಿಟಾರ್, ವಾಕ್ಸ್ ಎಸಿ30 ಆಂಪ್. ಗೇನ್ (ಸದ್ದು ಒಡೆಸುವ ಗುಂಡಿ) ಜಾಸ್ತಿ ಇಟ್ಟರೆ ಅಲ್ಲಿಗೆ ಕೆಟ್ಟಿತು. ಮೆಲ್ಲಗೆ ಮೀಟಿದಾಗ ಸ್ವಚ್ಛ, ಜೋರಾಗಿ ಹೊಡೆದಾಗ ಮಾತ್ರ ಒಡೆಯಬೇಕು. ಬ್ರಿಡ್ಜ್ (ತಂತಿ ಕೂರುವ ಕುದುರೆ) ಹತ್ತಿರದ ಪಿಕಪ್, ಬೇಸ್ ಟೋನ್ ಕಡಿಮೆ. ಕೈ ಹೆಚ್ಚಾಗಿ ಕೆಳಮುಖ ಹೊಡೆತವೇ. ಪ್ರತಿ ಕಾರ್ಡ್ ಆದ ಕೂಡಲೇ ಎಡಗೈ ಸಡಿಲಿಸಿ ತಂತಿ ಮುಚ್ಚಿ. ಆ ಕತ್ತರಿಸಿದ ಸದ್ದು ದಿ ಹೂ ಗಿಟಾರಿಸ್ಟ್ ಪೀಟ್ ಟೌನ್ಸೆಂಡ್‌ದಲ್ಲ, ಇಂಗ್ಲಿಷ್ ತಂಡ ಡಾಕ್ಟರ್ ಫೀಲ್‌ಗುಡ್‌ನ ವಿಲ್ಕೋ ಜಾನ್ಸನ್‌ದು. ವಿಲ್ಕೋ ಪಿಕ್ ಇಲ್ಲದೆ ಬರಿ ಬೆರಳಲ್ಲಿ ಹೊಡೀತಿದ್ರು, ರಿದಮ್ಮೂ ಲೀಡೂ ಒಂದೇ ಕೈಯಲ್ಲಿ.

ಟೌನ್ಸೆಂಡ್‌ದು ಅಂದ್ರೆ ತೇಲುವ ಸಸ್‌ಫೋರ್ ಕಾರ್ಡುಗಳು (ಮೂರನೇ ಸ್ವರದ ಜಾಗದಲ್ಲಿ ನಾಲ್ಕನೆಯದು), ಮತ್ತೆ ಪಿಕಪ್ ಬದಲಿಸುವ ಟಾಗಲ್ ಸ್ವಿಚ್ ಆಟ. ಒಂದು ಪಿಕಪ್ ವಾಲ್ಯೂಮ್ ಸೊನ್ನೆ, ಇನ್ನೊಂದು ಪೂರ್ತಿ. ಕಾರ್ಡ್ ಮೊಳಗುತ್ತಿರುವಾಗ ಸ್ವಿಚ್ ಲಯಕ್ಕೆ ಆಡಿಸಿದರೆ ಮೋರ್ಸ್ ಕೋಡ್ ಥರ ಬರುತ್ತೆ. ಟೆಲಿಕ್ಯಾಸ್ಟರ್‌ನಲ್ಲಿ ಆಗಲ್ಲ, ಎರಡಕ್ಕೂ ಒಂದೇ ವಾಲ್ಯೂಮ್. ಆಂಪ್ ಸ್ವಲ್ಪ ಒಡೆಯುತ್ತಿರದಿದ್ದರೆ ಕಾರ್ಡ್ ಅಷ್ಟು ಹೊತ್ತು ನಿಲ್ಲೋದೂ ಇಲ್ಲ. ಇನ್ನೊಂದು: 330 ಒಳಗೆ ಟೊಳ್ಳು. ಆಂಪ್‌ಗೆ ಎದುರು ನಿಂತರೆ ಕೂಗುತ್ತೆ, ಪಕ್ಕಕ್ಕೆ ನಿಲ್ಲಿ.

ಕೆಳಸ್ವರ
ನಿಮ್ಮ ಬಲಗೈ ಲೆಕ್ಕವನ್ನೇ ಬೇಸ್‌ಗೂ ಹಾಕಿ ಮಾರಾಯ್ರೆ, ಆರುತಂತಿಯವರ ವಾದ ಅರ್ಧ ಬಿದ್ದುಹೋಗುತ್ತೆ. ‘ಸ್ಟಾರ್ಟ್!’ (1980, ನಂಬರ್ ಒನ್) ಬೇಸ್ ಬೀಟಲ್ಸ್‌ನ ‘ಟ್ಯಾಕ್ಸ್‌ಮನ್’ನಿಂದ ಎತ್ತಿದ್ದು. ದಿ ಹೂ ಇಲ್ಲಿ ಲೆಕ್ಕಕ್ಕೇ ಇಲ್ಲ.

‘ಟೌನ್ ಕಾಲ್ಡ್ ಮ್ಯಾಲಿಸ್’ (1982) ಲಯ ಮೋಟೌನ್ ತಂಡ ಸುಪ್ರೀಮ್ಸ್‌ನ ‘ಯು ಕಾಂಟ್ ಹರಿ ಲವ್’ನದು. ಮೊದಲ ಮೂರು ಪೆಟ್ಟು ಬೀಟ್ ಮೇಲೇ ನೇರ, ಮುಂದಿನವು ಬೀಟ್ ತಪ್ಪಿಸಿ ಜಾರುತ್ತವೆ. ಹುಡುಗರು ಎಡವೋದು ಈ ಜಾರುವ ಜಾಗದಲ್ಲಿ: ಎಲ್ಲವನ್ನೂ ಸಮನಾದ ಎಂಟು ಪೆಟ್ಟಾಗಿ ನುಡಿಸ್ತಾರೆ, ಹಾಡು ಕವಾಯತು ಆಗುತ್ತೆ. ಮೆಟ್ರೋನೋಮ್ 120ಕ್ಕಿಟ್ಟು ತೂಗು ಕೂತ ಮೇಲೆ ಏರಿಸಿ. ಡ್ರಮ್ಮರ್ ಫಿಲ್ (ನಡುನಡುವೆ ತುಂಬುವ ಉರುಳು) ಹಾಕದಂತೆ ಕೈ ಹಿಡೀರಿ.

ಆದರೆ ನಾದ ಬೇರೆ. ಮೋಟೌನ್‌ನ ಜೇಮ್ಸ್ ಜೇಮರ್ಸನ್‌ದು ನಯವಾದ ಫ್ಲಾಟ್‌ವೌಂಡ್ ತಂತಿ, ಒಂದೇ ತೋರುಬೆರಳು, ಬ್ರಿಡ್ಜ್ ಹತ್ತಿರ ಫೋಮ್. ಫಾಕ್ಸ್‌ಟನ್ ಪಿಕ್ಕಲ್ಲಿ ಹೊಡೆಯೋರು, ಸದ್ದು ಖಣಖಣ. ಅದನ್ನು ತರಲು ಒರಟು ಮೈಯ ರೌಂಡ್‌ವೌಂಡ್ ಹಾಕಿ, ಬ್ರಿಡ್ಜ್ ಕಡೆ ಸರಿದು ಮೀಟಿ.

ಹಳೇರೆಕಾರ್ಡು
ಎಲ್ಲವೂ ದಿ ಹೂ ಮೂಲಕ ಬಂದದ್ದಲ್ಲ, ಅದೇ ನಾನೂ ಹೇಳಿದ್ದು.

ಪಾರ್ಕಾಕೋಟು
ನೀವೆಲ್ಲ ಜಾಮನ್ನು ಮಾಡ್ ರಿವೈವಲ್ ಅಂತ ಒಪ್ಪಿಕೊಂಡೇ ಶುರು ಮಾಡಿದ್ದೀರಿ. ರಿವೈವಲ್ ಅಂದ್ರೆ 1979: ಮೇ 7ರಂದು ಲಂಡನ್‌ನ ಕ್ಯಾನಿಂಗ್ ಟೌನ್ ಬ್ರಿಡ್ಜ್ ಹೌಸ್ ಪಬ್‌ನಲ್ಲಿ ನಡೆದ ‘ಮಾಡ್ಸ್ ಮೇಡೇ’ ಕಛೇರಿ, ಸೀಕ್ರೆಟ್ ಅಫೇರ್, ಪರ್ಪಲ್ ಹಾರ್ಟ್ಸ್, ಕಾರ್ಡ್ಸ್ ತಂಡಗಳು, ಮಾಡ್ ಹುಡುಗರ ಕಥೆಯ ಅದೇ ವರ್ಷದ ‘ಕ್ವಾಡ್ರೋಫೀನಿಯಾ’ ಸಿನಿಮಾ. ಅಷ್ಟರಲ್ಲಿ ಜಾಮ್ ಮೂರು ಆಲ್ಬಮ್ ಮುಗಿಸಿ ಆಗಿತ್ತು. ಸೋಲ್ ನೇರವಾಗಿ ಬೇಕಿದ್ದರೆ ಸೀಕ್ರೆಟ್ ಅಫೇರ್ ಕೇಳಿ: ಅವರ ಹಾಡುಗಳಲ್ಲಿ ತುತ್ತೂರಿ 1979ರಲ್ಲೇ ಇತ್ತು.

ಆರುತಂತಿ
ಪಾರ್ಕಾ ಅವರೇ, ಅವರ ಮುಂದೆ ನಿಂತ ಹುಡುಗರಲ್ಲಿ ಎಷ್ಟು ಜನ ಜಾಮ್ ಕೇಳದೆ ಪಾರ್ಕಾ (ಮಾಡ್ ಹುಡುಗರ ಉದ್ದ ಕೋಟು) ತೊಟ್ಟವರು? ಅದು ಬೇರೆ ಚರ್ಚೆ, ಬಿಡಿ.

ಸ್ಯಾಕ್ಸ್ ಪಾಯಿಂಟ್ ಗಟ್ಟಿ ಇದೆ. ಆದರೂ ‘ಹೀಟ್ ವೇವ್’ನಲ್ಲಿ ಪಿಯಾನೋ, ಸ್ಯಾಕ್ಸ್ ಮೇಲಿನ ಅಲಂಕಾರ; ಕೆಳಗೆ ಬಕ್ಲರ್ ಓಟ ಪಂಕ್‌ದೇ. ಲಯವನ್ನೇ ಮೋಟೌನ್‌ನಿಂದ ತಂದದ್ದು ‘ಮ್ಯಾಲಿಸ್’, ಅದು 1982. ನಾನು ಹಾಕಿದ ಗೆರೆಯೂ ಅಲ್ಲೇ.

ಕೆಳಸ್ವರ
ಹಾಗಾದ್ರೆ ‘ಸ್ಟಾರ್ಟ್!’ ಎಲ್ಲಿ ಇಡ್ತೀರಿ?

ಆರುತಂತಿ
ಅದು ಸೋಲ್ ಅಲ್ಲ ಸ್ವಾಮಿ, ಬೀಟಲ್ಸ್ ಊರು ಲಿವರ್‌ಪೂಲ್.