ಸಹಾಯ ಬೇಕು: ಲಾಬ್‌ಸ್ಟರ್ ಬಾಲ ಎಷ್ಟು ನಿಮಿಷ ಬೇಯಿಸಬೇಕು?

ನಮಸ್ಕಾರ. ಬೆಂಗಳೂರಿನ ರಸೆಲ್ ಮಾರ್ಕೆಟ್‌ನಿಂದ ಫ್ರೋಜನ್ ಲಾಬ್‌ಸ್ಟರ್ ಬಾಲ ಎರಡು ತಂದಿದ್ದೆ, ಒಂದೊಂದು ಸುಮಾರು 150 ಗ್ರಾಂ. ಸಿಗಡಿ, ಏಡಿ ಮಾಡಿ ಅಭ್ಯಾಸವಿದೆ, ಇದು ಮೊದಲ ಸಲ.

ನಿನ್ನೆ ಒಂದನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಚಿಪ್ಪನ್ನು ಕತ್ತರಿಯಲ್ಲಿ ಸೀಳಿ, ಬೆಣ್ಣೆ ಬೆಳ್ಳುಳ್ಳಿ ಸವರಿ ಓಟಿಜಿ ಓವನ್‌ನಲ್ಲಿ 200 ಡಿಗ್ರಿಗೆ 12 ನಿಮಿಷ ಇಟ್ಟೆ. ಚಿಪ್ಪು ಕೆಂಪಾಯಿತು. ಬಿಡಿಸಿ ನೋಡಿದರೆ ಮೇಲೆಲ್ಲ ರಬ್ಬರ್ ಥರ, ನಡುವೆ ಇನ್ನೂ ಗಾಜಿನ ಹಾಗೆ ಹಸಿ, ಮುಟ್ಟಿದರೆ ತಣ್ಣಗೆ. ಐಸ್ ಪೂರ್ತಿ ಬಿಟ್ಟಿರಲಿಲ್ಲ ಅನಿಸುತ್ತದೆ. ಅದಕ್ಕೇ ಇನ್ನೊಂದನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡುತ್ತಿದ್ದೇನೆ.

ನಾಳೆ ಅಮ್ಮನ ಹುಟ್ಟುಹಬ್ಬ. ಕಾರವಾರದವರು, ಸಮುದ್ರದ ಊಟ ಅಂದರೆ ಪ್ರಾಣ. ಇದೊಂದು ಕೆಡಬಾರದು. ಮಾಂಸ ಬೆಳ್ಳಗಾಗಬೇಕು ಅಂತ ಗೊತ್ತು, ಆದರೆ ದಪ್ಪಗಿರುವ ಕಡೆ ಒಳಗೆ ಕಾಣುವುದಿಲ್ಲ ಅಲ್ವಾ? ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟರೆ ಎಷ್ಟು ನಿಮಿಷ ಸಾಕು? ನಡುವೆ ಬೆಂದಿದೆ ಅಂತ ನೀವು ಹೇಗೆ ನೋಡುತ್ತೀರಿ?