108 ಬರುವ ಮುನ್ನ ನಮ್ಮ ಜಿಲ್ಲೆಯಲ್ಲಿ ಆಂಬುಲೆನ್ಸ್ ಹೇಗಿತ್ತು?

ಪ್ರಶ್ನೆ (ಪಾವಗಡದಿಂದ):
ಊರಿನ ಶಾಲೆಯ ಸ್ಮರಣ ಸಂಚಿಕೆಗೆ ತಾಲ್ಲೂಕಿನ ಆರೋಗ್ಯ ಸೇವೆಯ ಕುರಿತು ಲೇಖನ ಬರೆಯುತ್ತಿದ್ದೇನೆ. ನನಗೆ ತಿಳಿವಳಿಕೆ ಬಂದಾಗಿನಿಂದ ಆಂಬುಲೆನ್ಸ್ ಎಂದರೆ 108 ಮಾತ್ರ. ಅದಕ್ಕೂ ಮೊದಲು, ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿನಷ್ಟು ದೂರವಿರುವ ನಮ್ಮಂಥ ಊರಿನಿಂದ ರೋಗಿಗಳನ್ನು ಹೇಗೆ ಸಾಗಿಸುತ್ತಿದ್ದರು, ಆಮೇಲೆ ನಿಜವಾಗಿ ಬದಲಾದದ್ದೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಆರೋಗ್ಯ ಸಹಾಯಕ, ಮಧುಗಿರಿ):
ವಾಹನ ಆಗಲೂ ಇತ್ತು. ಆದರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುತ್ತಿತ್ತೇ ಹೊರತು ಮನೆ ಬಾಗಿಲಿಗೆ ಬರುತ್ತಿರಲಿಲ್ಲ. ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ತಂದು, ಅಲ್ಲಿ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಮೇಲಷ್ಟೇ ವ್ಯಾನಿನ ಮಾತು. ಹಿಂದೆ ಕೂರುತ್ತಿದ್ದವರು ಮನೆಯವರೇ. ಗ್ಲೂಕೋಸ್ ಬಾಟಲಿಯನ್ನು ರೋಗಿಯ ತಮ್ಮನೋ ಭಾವಮೈದುನನೋ ಕೊರಟಗೆರೆಯವರೆಗೆ ಬಲಗೈಯಲ್ಲಿ, ಅಲ್ಲಿಂದ ತುಮಕೂರಿನವರೆಗೆ ಎಡಗೈಯಲ್ಲಿ ಎತ್ತಿ ಹಿಡಿದು ಕೂತಿರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ದಾರಿಯಲ್ಲಿ ಉಸಿರು ಕಟ್ಟಿದರೆ ಮಾಡುವಂಥದ್ದೇನೂ ಇರಲಿಲ್ಲ.

ಉತ್ತರ (108ರಲ್ಲಿ ಕೆಲಸ ಮಾಡಿದವರು, ಶಿರಾ):
ಹಿರಿಯರು ಹೇಳಿದ ಆ ಕೊನೆಯ ಮಾತಿನಲ್ಲೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಆರಂಭವಾದ ಮಾದರಿಯನ್ನು ಅನುಸರಿಸಿ, 2008ರ ರಾಜ್ಯೋತ್ಸವದ ದಿನ ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಈ ಉಚಿತ ಸೇವೆ ಶುರುವಾದಾಗ, ಚಾಲಕನ ಜೊತೆಗೆ ತರಬೇತಿ ಪಡೆದ ತುರ್ತು ವೈದ್ಯಕೀಯ ತಂತ್ರಜ್ಞ, ಅಂದರೆ ನಾವು ಇಎಂಟಿ ಎನ್ನುವವರು, ಹಿಂದಿನ ಸೀಟಿಗೆ ಬಂದರು. ಚಾಲಕರನ್ನು ಪೈಲಟ್ ಎಂದೇ ಕರೆಯುವುದು ವಾಡಿಕೆ. ಆಮ್ಲಜನಕ ಕೊಡುವುದು, ಗಂಟಲಿನ ಕಫ ಹೀರಿ ತೆಗೆಯುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ಅನಿವಾರ್ಯವಾದರೆ ಹೆರಿಗೆ ಮಾಡಿಸುವುದು, ಎಲ್ಲವೂ ದಾರಿಯಲ್ಲೇ. ಬಾಟಲಿ ನೇತುಹಾಕಲು ಕೊಕ್ಕೆಯೂ ಬಂತೆನ್ನಿ.

ಪಾವಗಡದವರಿಗೆ ಒಂದು ಮಾತು: ಮೂರು ಕಡೆ ಆಂಧ್ರವಿರುವುದರಿಂದ ಗಡಿಯಂಚಿನ ಹಳ್ಳಿಗಳಲ್ಲಿ ಮೊಬೈಲು ಅತ್ತಲಿನ ಟವರ್ ಹಿಡಿದರೆ ಕರೆ ಆ ರಾಜ್ಯದ 108ಕ್ಕೆ ಹೋಗಿಬಿಡಬಹುದು. ಹಾಗಾಗಿ ಫೋನೆತ್ತಿದ ಕೂಡಲೇ ಊರಿನ ಹೆಸರಿಗಿಂತ ಮೊದಲು ತಾಲ್ಲೂಕು, ಜಿಲ್ಲೆ ಹೇಳಿ.

ಉತ್ತರ (ಆಶಾ ಕಾರ್ಯಕರ್ತೆ, ಗುಬ್ಬಿ):
ಲೇಖನದಲ್ಲಿ ‘ನಗು-ಮಗು’ ವಾಹನವನ್ನು ಇದರೊಂದಿಗೆ ಸೇರಿಸಬೇಡಿ. ಹಳ್ಳಿಯಲ್ಲಿ ಎಲ್ಲವನ್ನೂ 108 ಎಂದೇ ಕರೆಯುತ್ತಾರೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ, ಮಗುವನ್ನು ಮನೆಗೆ ಬಿಟ್ಟುಬರುವ ವಾಹನವೇ ಹೊರತು ತುರ್ತು ಕರೆಗೆ ಓಡುವಂಥದ್ದಲ್ಲ.