‘ವಿಶೇಷ ನರ್ಸ್’, ‘ತಜ್ಞ ಶುಶ್ರೂಷಕಿ’: ಯಾವುದನ್ನು ಬಳಸಬಹುದು?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ಒಳರೋಗಿಗಳ ಕೈಗೆ ಕೊಡುವ ಮಾಹಿತಿ ಪುಸ್ತಿಕೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಜನರಲ್ ಮೆಡಿಸಿನ್ ವಿಭಾಗದ ‘ಸ್ಪೆಷಲಿಸ್ಟ್ ನರ್ಸ್’ ಎಂದರೆ ಯಾರು, ಅವರು ರೋಗಿಯನ್ನು ನೋಡಲು ಏಕೆ ಬರುತ್ತಾರೆ ಎಂಬುದಕ್ಕೆ ಅದರಲ್ಲಿ ಒಂದು ಪುಟವಿದೆ. ವಿವರಣೆ ಬರೆದು ಮುಗಿಸಿದ್ದೇನೆ, ತಲೆಬರಹ ಮಾತ್ರ ಖಾಲಿ ಉಳಿದಿದೆ. ಹೊಳೆದ ಪದಗಳಲ್ಲಿ ಒಂದೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಎಲ್ಲರ ಬಾಯಿಗೂ ಮೊದಲು ಬರುವುದು ‘ವಿಶೇಷ ನರ್ಸ್’. ವಿಶೇಷ ರೈಲು, ವಿಶೇಷ ಅಧಿಕಾರಿ, ವಿಶೇಷ ಸಂಚಿಕೆ ಎನ್ನುವಾಗ ನಮ್ಮ ಕಿವಿಗೆ ಕೇಳಿಸುವುದು ‘ಮಾಮೂಲಿಗೆ ಹೊರತಾದದ್ದು, ಈ ಸಂದರ್ಭಕ್ಕೆಂದೇ ಏರ್ಪಡಿಸಿದ್ದು’ ಎಂಬ ಅರ್ಥ. ಹಾಗಾಗಿ ವಿಶೇಷ ನರ್ಸ್ ಎಂದರೆ ಒಬ್ಬ ರೋಗಿಯ ಪಕ್ಕದಲ್ಲೇ ಕೂರಲು ಹಣ ಕೊಟ್ಟು ಗೊತ್ತುಮಾಡಿದವರು ಎಂದು ಓದುಗರು ತಿಳಿಯುವುದು ಸಹಜ. ನಾನು ಹೇಳಬೇಕಾದವರು ಇಡೀ ವಿಭಾಗಕ್ಕೆ ಸೇರಿದವರು, ಹಲವು ವಾರ್ಡುಗಳಿಗೆ ಓಡಾಡುವವರು. ಇದಕ್ಕೆ ವಿಭಾಗದ ಹೆಸರನ್ನೂ ಕನ್ನಡಿಸಿ ಸೇರಿಸಿದರೆ ‘ಸಾಮಾನ್ಯ ವೈದ್ಯಕೀಯದ ವಿಶೇಷ ನರ್ಸ್’ ಎಂಬ ವಿಚಿತ್ರ ಹುಟ್ಟುತ್ತದೆ. ಅವರು ಸಾಮಾನ್ಯರೋ ವಿಶೇಷರೋ ಎಂದು ರೋಗಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅಲ್ಲದೆ ಈ ವಿಭಾಗದಲ್ಲಿ ‘ಸಾಮಾನ್ಯ’ ಎನ್ನುವಂಥದ್ದು ಏನೂ ಇಲ್ಲ. ಶಸ್ತ್ರಚಿಕಿತ್ಸೆಯಿಲ್ಲದೆ ಔಷಧಿಯಿಂದ ನೋಡಿಕೊಳ್ಳುವ ವಯಸ್ಕರ ಕಾಯಿಲೆಗಳೆಲ್ಲ ಇಲ್ಲಿಗೇ ಬರುತ್ತವೆ. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಮಧುಮೇಹ ಎಲ್ಲವೂ ಒಬ್ಬರಲ್ಲೇ ಒಟ್ಟಿಗೆ ಕೆಟ್ಟಿರುವುದೂ ಉಂಟು. ‘ಆಂತರಿಕ ವೈದ್ಯಕೀಯ’ ಎಂಬ ಅನುವಾದವಿದೆ, ಆದರೆ ಅದನ್ನು ರೋಗಿಗಳ ಬಾಯಲ್ಲಿ ಕೇಳಿಲ್ಲ. ವಿಭಾಗದ ಹೆಸರನ್ನು ‘ಜನರಲ್ ಮೆಡಿಸಿನ್’ ಎಂದೇ ಉಳಿಸಿಕೊಳ್ಳುವುದು ನನ್ನ ತೀರ್ಮಾನ.

ಪದಕ್ಕಿಂತ ಮೊದಲು ಕೆಲಸ ಯಾವುದೆಂದು ಹೇಳಿಬಿಡುತ್ತೇನೆ. ಇನ್ಸುಲಿನ್ ಪ್ರಮಾಣ ಏರಿಸುತ್ತ ಹೋದರೂ ಸಕ್ಕರೆ ಒಮ್ಮೆ ಏರಿ ಒಮ್ಮೆ ಕುಸಿಯುತ್ತಿರುವ ರೋಗಿಯೊಬ್ಬರು ವಾರ್ಡಿನಲ್ಲಿದ್ದಾರೆ ಎನ್ನಿ. ಮಧುಮೇಹದಲ್ಲಿ ಹೆಚ್ಚಿನ ತರಬೇತಿ ಪಡೆದ ನರ್ಸ್ ಬಂದು, ರೋಗಿ ಎಲ್ಲಿ ಚುಚ್ಚಿಕೊಳ್ಳುತ್ತಾರೆ ಎಂದು ಕೇಳಿ, ಹೊಟ್ಟೆಯ ಮೇಲೆ ಬೆರಳ ತುದಿಗಳನ್ನು ಒತ್ತಿ ಸವರಿ ನೋಡುತ್ತಾರೆ. ಹೊಕ್ಕುಳಿನ ಪಕ್ಕದಲ್ಲಿ ರಬ್ಬರಿನಂಥ ಗಂಟು ಸಿಗುತ್ತದೆ. ಅಲ್ಲಿ ನೋವಾಗುವುದಿಲ್ಲವೆಂದು ರೋಗಿ ಬಹುಕಾಲದಿಂದ ಅದೇ ಜಾಗದಲ್ಲಿ ಚುಚ್ಚಿಕೊಳ್ಳುತ್ತ ಬಂದಿದ್ದಾರೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದೇ ಸಮನೆ ರಕ್ತಕ್ಕೆ ಸೇರುವುದಿಲ್ಲ. ಹಾಗೆಂದು ‘ಜಾಗ ಬದಲಿಸಿ’ ಎಂದಷ್ಟೇ ಹೇಳಿ ಹೊರಟರೆ ಅಪಾಯ, ಏಕೆಂದರೆ ಹೊಸ ಜಾಗದಲ್ಲಿ ಅದೇ ಪ್ರಮಾಣ ಚೆನ್ನಾಗಿ ಹೀರಿಕೊಂಡು ಸಕ್ಕರೆ ತೀರಾ ಇಳಿದುಬಿಡಬಹುದು. ಆದ್ದರಿಂದ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರೊಡನೆ ಚರ್ಚಿಸಿ, ಸಕ್ಕರೆಯನ್ನು ಎಷ್ಟು ಹೊತ್ತಿಗೊಮ್ಮೆ ನೋಡಬೇಕೆಂದು ವಾರ್ಡಿನ ನರ್ಸ್‌ಗಳಿಗೆ ಬರೆದಿಟ್ಟು, ರೋಗಿಯ ಕೈಯಿಂದಲೇ ಬೇರೆ ಜಾಗದಲ್ಲಿ ಚುಚ್ಚಿಸಿ ನೋಡಿ ಮುಂದಿನವರ ಬಳಿಗೆ ಹೋಗುತ್ತಾರೆ. ಹೃದಯದ ಕಾಯಿಲೆಯವರ ದಿನದಿನದ ತೂಕ, ಉಬ್ಬಸದವರು ಇನ್‌ಹೇಲರ್ ಎಳೆದುಕೊಳ್ಳುವ ರೀತಿ, ಇವುಗಳನ್ನು ನೋಡಿಕೊಳ್ಳುವವರೂ ಇದೇ ಬಗೆಯವರು. ಪಾಳಿ ಹಂಚುವ ಹೆಡ್ ನರ್ಸ್ ಇವರಲ್ಲ, ವೈದ್ಯರ ಸಹಾಯಕರೂ ಅಲ್ಲ.

ಹಾಗಾದರೆ ‘ತಜ್ಞ’ ಎಂದು ಸೇರಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಪದ ಸರಿಯಾಗಿಯೇ ಇದೆ. ತೊಡಕಿರುವುದು ಬಳಕೆಯಲ್ಲಿ. ಹೃದ್ರೋಗ ತಜ್ಞರು, ಮಕ್ಕಳ ತಜ್ಞರು ಎಂದು ಹೇಳಿ ಹೇಳಿ, ಆಸ್ಪತ್ರೆಯೊಳಗೆ ‘ತಜ್ಞರು’ ಎಂದರೆ ವೈದ್ಯರೇ ಎಂಬಂತಾಗಿದೆ. ‘ಮಧುಮೇಹ ತಜ್ಞೆ ಬರುತ್ತಾರೆ’ ಎಂದು ಬರೆದರೆ ರೋಗಿ ಡಾಕ್ಟರರಿಗಾಗಿ ಕಾಯುತ್ತಾರೆ. ‘ಪರಿಣತ’ ಎಂಬುದು ನನಗೆ ಇಷ್ಟವಾದ ಪದ, ಮಾಗಿದ್ದು ಎಂಬ ಅರ್ಥ ಅದರೊಳಗಿದೆ. ಆದರೆ ಬಹುಕಾಲ ದುಡಿದು ನುರಿತ ಯಾವ ನರ್ಸನ್ನಾದರೂ ಪರಿಣತರು ಎನ್ನಬಹುದು. ಇಲ್ಲಿ ಬೇಕಿರುವುದು ಹೊಗಳಿಕೆಯಲ್ಲ, ಹುದ್ದೆಯ ಹೆಸರು. ಅಂತರರಾಷ್ಟ್ರೀಯ ದಾದಿಯರ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಇಂಥ ಹುದ್ದೆಗೆ ಸ್ನಾತಕೋತ್ತರ ಪದವಿ ಇರಬೇಕೆಂದು ಸೂಚಿಸಿದೆ.

ಇನ್ನು ಉತ್ತರಪದದ, ಅಂದರೆ ‘ನರ್ಸ್’ ಎಂಬ ಎರಡನೆಯ ಪದದ ಗೊಂದಲ. ‘ದಾದಿ’ ಎಂಬುದರಲ್ಲಿ ಹಾಲೂಡಿಸಿ ಮಗುವನ್ನು ಆಡಿಸುವವಳ ಹಳೆಯ ನೆನಪಿದೆ, ಗಂಡಸರಿಗೆ ಅದು ಹೊಂದುವುದೇ ಇಲ್ಲ. ‘ಶುಶ್ರೂಷಕಿ’ ಪತ್ರಿಕೆಗಳಲ್ಲಿ ಚೆನ್ನಾಗಿ ನೆಲೆಯೂರಿದೆ. ಅದರ ಮೂಲ ಕುತೂಹಲಕರ. ‘ಶ್ರು’ ಎಂದರೆ ಕೇಳು, ‘ಶುಶ್ರೂಷಾ’ ಎಂದರೆ ಕೇಳುವ ಬಯಕೆ. ಗುರುಹಿರಿಯರ ಮಾತು ಕೇಳಿಕೊಂಡಿರುವುದು ಎಂಬಲ್ಲಿಂದ ಸೇವೆ, ಉಪಚಾರ ಎಂಬ ಅರ್ಥಗಳು ಬಂದವು. ಹೇಳಿದ್ದನ್ನು ಕೇಳುವುದಷ್ಟೇ ಈ ಕೆಲಸವಲ್ಲ ಎಂಬ ಕಾರಣಕ್ಕೆ ಪದವನ್ನೇ ಬಿಡಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಧಾತುವಿನ ಅರ್ಥ ನೋಡಿ ಯಾರೂ ಮಾತನಾಡುವುದಿಲ್ಲ. ನನ್ನ ತಕರಾರು ಅದರ ಉಚ್ಚಾರಣೆಯ ಮೇಲೆ. ಜ್ವರದಲ್ಲಿ ಮಲಗಿದವರು ಕರೆಯಬೇಕಾದ ಹೆಸರಿನಲ್ಲಿ ಶಕಾರ ಷಕಾರಗಳ ಈ ಸಾಲು ಬೇಕೇ? ರೋಗಿಗಳು ಹೇಗೂ ಕರೆಯುವುದು ‘ಸಿಸ್ಟರ್’ ಎಂದು.

‘ಆರೈಕೆ’ಯ ಬಗ್ಗೆ ಮಾತ್ರ ನಿಮ್ಮ ಅಭಿಪ್ರಾಯ ವಿವರವಾಗಿ ಬೇಕು. ಹಳಗನ್ನಡದ ‘ಆರಯ್’ ಎಂಬುದಕ್ಕೆ ಹುಡುಕಿ ನೋಡು, ವಿಚಾರಿಸು ಎಂಬ ಅರ್ಥವೂ ಇದೆ, ಸಲಹು ಎಂಬ ಅರ್ಥವೂ ಇದೆ. ಹೊಟ್ಟೆಯ ಗಂಟನ್ನು ಬೆರಳಿನಿಂದ ಪತ್ತೆಹಚ್ಚುವವರಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ನನಗೆ ಕಾಣದು. ‘ಮಧುಮೇಹ ಆರೈಕೆ ತಜ್ಞರು’ ಎಂದರೆ ಲಿಂಗದ ತೊಡಕು ಇಲ್ಲ, ವೈದ್ಯರೆಂಬ ಭ್ರಮೆಯೂ ಸ್ವಲ್ಪ ಕಡಿಮೆ. ಆದರೆ ‘ನರ್ಸ್’ ಎಂಬ ಗುರುತೇ ಅಳಿಸಿಹೋದರೆ ಆ ವೃತ್ತಿಯವರು ಒಪ್ಪುವರೇ? ಈ ಬಳಗದಲ್ಲಿ ನರ್ಸ್ ಆಗಿರುವವರಿದ್ದರೆ ಅವರ ಮಾತಿಗೇ ನಾನು ಹೆಚ್ಚು ತೂಕ ಕೊಡುತ್ತೇನೆ. ಸದ್ಯಕ್ಕೆ ‘ಮಧುಮೇಹ ಆರೈಕೆಯ ತಜ್ಞ ನರ್ಸ್’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಉದ್ದವಾಯಿತು, ನಿಜ.

ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ‘ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್’, ‘ನರ್ಸ್ ಪ್ರಾಕ್ಟೀಷನರ್’ ಎಂಬ ಎರಡು ಹೆಸರುಗಳಿವೆ. ಎರಡೂ ಹುಟ್ಟಿದ್ದು ಅಮೆರಿಕದಲ್ಲಿ. ಮೊದಲನೆಯದರ ಶಿಕ್ಷಣವನ್ನು 1954ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮನೋರೋಗಗಳ ಆರೈಕೆಗಾಗಿ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ ಆರಂಭಿಸಿದರು. ಎರಡನೆಯದನ್ನು ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ವೈದ್ಯ ಹೆನ್ರಿ ಸಿಲ್ವರ್ 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಆರೋಗ್ಯಕ್ಕಾಗಿ ಶುರುಮಾಡಿದರು. ಸ್ಥೂಲವಾಗಿ ಹೇಳುವುದಾದರೆ ಮೊದಲಿನವರು ಒಂದು ಕ್ಷೇತ್ರದಲ್ಲಿ ಆಳಕ್ಕಿಳಿದು ಇತರ ನರ್ಸ್‌ಗಳಿಗೂ ಕಲಿಸುವವರು, ಎರಡನೆಯವರು ರೋಗ ಪತ್ತೆಮಾಡಿ ಚಿಕಿತ್ಸೆಯನ್ನೂ ನಿರ್ಧರಿಸುವವರು. ಎರಡಕ್ಕೂ ‘ತಜ್ಞ ನರ್ಸ್’ ಎಂದರೆ ಈ ಭೇದ ಮುಳುಗಿಹೋಗುತ್ತದೆ. ‘ಚಿಕಿತ್ಸಕ ನರ್ಸ್’ ಎಂದು ಎರಡನೆಯದಕ್ಕೆ ಹೇಳಿದರೆ ತಪ್ಪೇ?

ಕೊನೆಯದಾಗಿ, ಕೆಲವು ದೇಶಗಳಲ್ಲಿ ಇಂಥ ನರ್ಸ್‌ಗಳಿಗೆ ತಾವೇ ಔಷಧಿ ಬರೆದುಕೊಡುವ ಅಧಿಕಾರವಿದೆ. ನಾವು ಮಾತಿನಲ್ಲಿ ‘ಡಾಕ್ಟರ್ ಚೀಟಿ’ ಎನ್ನುತ್ತೇವೆ. ಇಲ್ಲಿ ಡಾಕ್ಟರೇ ಇಲ್ಲ. ನಾನು ‘ಔಷಧಿ ಚೀಟಿ’ ಎಂದು ಬರೆದಿದ್ದೇನೆ. ಪುಸ್ತಿಕೆಯನ್ನು ನೋಡಿದ ಒಬ್ಬರು, ಅದು ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿಯಂತೆ ಕೇಳಿಸುತ್ತದೆ, ‘ಔಷಧಿ ಸಲಹಾಪತ್ರ’ ಇರಲಿ ಎನ್ನುತ್ತಾರೆ. ನಿಮ್ಮ ಕಿವಿಗೆ ಯಾವುದು ಹಿತ?